ಒಂದು ಬೆಂಚಿನ ಸಮರ್ಥನೆ

ನಮ್ಮ ಎಂ.ಎ. ಕೋರ್ಸಿನ ಕೊನೆಯಲ್ಲಿ ಪರೀಕ್ಷೆಯ ಬದಲು ಒಬ್ಬೊಬ್ಬರೂ ಒಂದೊಂದು ಕಲಾಪ್ರದರ್ಶನ ಜೋಡಿಸಬೇಕು. ಅದಕ್ಕೂ ಮೊದಲು ಕೋಣೆಯ ನಕ್ಷೆ ಬರೆದು ತರಗತಿಗೆ ತೋರಿಸಬೇಕು. ನನ್ನ ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಜಾಗ ಹಿಡಿದದ್ದು ಒಂದು ಬೆಂಚು. ಯಾವ ಚಿತ್ರ, ಯಾವ ಶಿಲ್ಪ ಒಂದೂ ತೀರ್ಮಾನವಾಗಿರಲಿಲ್ಲ, ಗೋಡೆಗಳೆಲ್ಲ ಬೋಳು, ಬೆಂಚು ಮಾತ್ರ ನಟ್ಟನಡುವೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ನನ್ನ ಮಗಳ ವಯಸ್ಸಿನ ಸಹಪಾಠಿಗಳು ಮುಸಿಮುಸಿ ನಕ್ಕರು. ಪಾಪ, ಮಂಡಿನೋವಿನ ಹೆಂಗಸು ಎಂದುಕೊಂಡಿರಬೇಕು. ಮಂಡಿನೋವು ಇರುವುದು ನಿಜ. ಆದರೆ ಬೆಂಚಿಗೆ ಕಾರಣ ಅದಲ್ಲ. ನಿಜವಾದ ಕಾರಣವನ್ನು ಅಷ್ಟು ಜನರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ನಿಮ್ಮ ಹತ್ತಿರವಾದರೆ ಹೇಳಬಹುದು.

ನಾನು ಚನ್ನಪಟ್ಟಣದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಡ್ರಾಯಿಂಗ್ ಪೀರಿಯಡ್ಡು ಎಂದರೆ ಗಣಿತದ ಮೇಷ್ಟರು ಪೋರ್ಷನ್ ಮುಗಿಸಲು ಎರವಲು ಪಡೆಯುವ ಪೀರಿಯಡ್ಡು. ಹೀಗೆ ಬಿಡುವು ಜಾಸ್ತಿಯಾಗಿ, ತಲೆಯೊಳಗೆ ಹುಳ ಹೊಕ್ಕು, ನಡುವಯಸ್ಸಿನಲ್ಲಿ ಬೆಂಗಳೂರಿನ ಒಂದು ಸಂಸ್ಥೆಗೆ ಸೇರಿದೆ. ಶನಿವಾರ ಭಾನುವಾರ ತರಗತಿ. ಆಧುನಿಕ ಮತ್ತು ಸಮಕಾಲೀನ ಕಲೆಯ ಇತಿಹಾಸ, ಜೊತೆಗೆ ಕ್ಯುರೇಟಿಂಗ್. ಈ ಎರಡನೆಯದನ್ನು ಊರಿನಲ್ಲಿ ವಿವರಿಸುವಷ್ಟು ಕಷ್ಟ ಇನ್ನೊಂದಿಲ್ಲ. ಚಿತ್ರ ಬರೆಯುವುದಿಲ್ಲ, ಬೇರೆಯವರು ಬರೆದದ್ದನ್ನು ಆರಿಸಿ ಎಲ್ಲಿ ಯಾವುದಿರಬೇಕೆಂದು ಜೋಡಿಸುವುದು ಎಂದರೆ, ಅದಕ್ಕೂ ಓದಬೇಕಾ ಎನ್ನುತ್ತಿದ್ದರು. ವಿರೂಪಾಕ್ಷಿಪುರದ ಹತ್ತಿರ ನಮ್ಮ ತವರಿದೆ. ಅಲ್ಲಿಗೆ ಹೋಗಿ ಅವ್ವನಿಗೆ ಹೇಳಿದಾಗ ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡು, "ಎಲ್ಲಿ ಏನಿಡಬೇಕು ಅಂತ ಕಲಿಸ್ತಾರಾ? ಒಳ್ಳೇದೇ ಆಯ್ತು ಬುಡು. ನಿನ್ನ ಬಾಚಣಿಗೆ ಎಲ್ಲೈತೆ ಅನ್ನೋದಾದ್ರೂ ಗೊತ್ತಾಯ್ತದೆ" ಎಂದಳು.

ಮೊದಲ ವರ್ಷ ನನ್ನ ತಲೆಯಲ್ಲಿ ಪಾಠ ನಿಂತದ್ದಕ್ಕಿಂತ ಜಾರಿದ್ದೇ ಹೆಚ್ಚು. ಸುಮಾರು ಒಂದು ಶತಮಾನದಿಂದ ಈಚೆಗೆ ಕಲಾವಿದರು ಸಂತೆಯಲ್ಲಿ ಸಿಗುವ ಸಾಮಾನನ್ನೇ ತಂದು ಪೀಠದ ಮೇಲಿಟ್ಟು, ಆರಿಸಿದ್ದೇ ಕಲೆ ಎಂದರಂತೆ. ಇನ್ನು ಕೆಲವರು ಏನನ್ನೂ ಇಡದೆ ಖಾಲಿ ಕೋಣೆಯ ಬಾಗಿಲು ತೆರೆದು, ಇದೇ ಪ್ರದರ್ಶನ, ಬಂದು ನೋಡಿ ಎಂದರಂತೆ. ಜನ ಬಂದು ನೋಡಿದರಂತೆ! ರೈಲಿನಲ್ಲಿ ಮನೆಗೆ ವಾಪಸು ಬರುವಾಗ, ನಾನು ಕಟ್ಟಿದ ಫೀಸಿಗೆ ಖಾಲಿ ಕೋಣೆ ತೋರಿಸಿದರಲ್ಲ ಎಂದು ನಗು ಬರುತ್ತಿತ್ತು. ನಮಗೆ ಪಾಠ ಮಾಡುತ್ತಿದ್ದ ಮೇಡಂ ಮೆಲುಮಾತಿನವರು. ಯಾರು ಏನು ಜೋಡಿಸಿ ತೋರಿಸಿದರೂ ಅವರದು ಒಂದೇ ಪ್ರಶ್ನೆ: "ಇದೇ ಯಾಕೆ? ಪಕ್ಕದ್ದು ಯಾಕಲ್ಲ?" ಚೆನ್ನಾಗಿದೆ ಮೇಡಂ, ಅದಕ್ಕೆ, ಎಂದರೆ ಒಪ್ಪುತ್ತಿರಲಿಲ್ಲ. ಆ ವಸ್ತು ಯಾರದು, ಅದರ ಜೊತೆ ಅವರ ಬದುಕು ಹೇಗೆ ನಡೆಯಿತು, ಅದು ಇಲ್ಲದಿದ್ದರೆ ಏನು ತಪ್ಪಿಹೋಗುತ್ತದೆ ಎಂದು ಹೇಳಬೇಕಿತ್ತು.

ಎರಡನೆಯ ವರ್ಷ ಶುರುವಾಗುವ ಹೊತ್ತಿಗೆ ಅವ್ವ ತೀರಿಕೊಂಡಳು. ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬಂದು, ಎದೆ ಹಿಡಿದುಕೊಂಡಂಗೆ ಐತೆ ಎಂದವಳು, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಳು. ನಾನು ರಜೆ ಹಾಕಿ ಅಳುವುದನ್ನೆಲ್ಲ ಅತ್ತು ಮುಗಿಸಿದೆ ಎಂದುಕೊಂಡಿದ್ದೆ. ಪಿತೃಪಕ್ಷ ಬರುವವರೆಗೆ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಕಡೆ ಪಕ್ಷದ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ನೀವು ನೋಡಿರಬಹುದು. ನಡುಮನೆಯಲ್ಲಿ ಬಾಳೆಲೆ ಹಾಸಿ, ತೀರಿಹೋದವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸುತ್ತಾರೆ. ಮುದ್ದೆ, ಮಾಂಸದ ಸಾರು, ಕಜ್ಜಾಯ, ವಡೆ. ಪಕ್ಕದಲ್ಲಿ ಹೊಸ ಪಂಚೆ, ಹೊಸ ಸೀರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟು, ಜೊತೆಗೆ ಬೆಂಕಿಪೊಟ್ಟಣವೂ ಇರಬೇಕು. ನಮ್ಮ ಮನೆಯಲ್ಲಿ ಇದನ್ನು ಜೋಡಿಸುತ್ತಿದ್ದವಳು ಅವ್ವ. ತಾನು ಕಣ್ಣಲ್ಲಿ ಕಾಣದ ಮಾವನ ಅಪ್ಪನಿಗೆ ಸಾರಿನಲ್ಲಿ ಖಾರ ಮುಂದಿರಬೇಕು, ಅತ್ತೆಗೆ ಕಜ್ಜಾಯ ಮೆತ್ತಗಿರಬೇಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಧೂಪ ಹಾಕಿ ಎಲ್ಲರೂ ಕೈಮುಗಿದ ಮೇಲೆ ಬಾಗಿಲು ಮುಚ್ಚಿ ಹೊರಗೆ ಜಗಲಿಗೆ ಬರಬೇಕು. ಹಿರಿಯರು ಬಂದು ಉಣ್ಣುವಾಗ ಯಾರೂ ಇಣುಕುವಂತಿಲ್ಲ, ಒಳಗಿನ ಕೆಲಸ ಮುಟ್ಟುವಂತಿಲ್ಲ. ಹಸಿದ ಮಕ್ಕಳು ಕೊಸರಾಡುವವು. ಅಪ್ಪ ಎದ್ದು ಕೆಮ್ಮಿ ಬಾಗಿಲು ತೆಗೆಯಲು ಹೋದರೆ ಅವ್ವ ಪ್ರತಿ ವರ್ಷವೂ, "ಒಸಿ ತಡೀರಿ, ಇನ್ನೂ ಉಣ್ತಾ ಅವ್ರೆ" ಎನ್ನುವಳು. ಅವಳ ಭಕ್ತಿಯ ಮುಂದೆ ನಮ್ಮ ಹಸಿವು ಯಾವ ಲೆಕ್ಕ ಎಂದು ನಾವು ಗೊಣಗಿಕೊಂಡು ಕೂರುತ್ತಿದ್ದೆವು.

ಈ ಸಲ ಆ ಸಾಲಿನಲ್ಲಿ ಅವ್ವನದೂ ಒಂದು ಎಲೆ. ಅಪ್ಪ ನನ್ನನ್ನು ಕರೆದು, "ನಿಮ್ಮವ್ವಂದು ನೀನೇ ಜೋಡ್ಸವ್ವ. ಅದನ್ನೇ ಅಲ್ವಾ ನೀನು ಓದ್ತಿರೋದು" ಎಂದರು. ಗೇಲಿಯಿರಲಿಲ್ಲ ಆ ಮಾತಿನಲ್ಲಿ. ಓದಿದ ಮಗಳು ತನ್ನ ಹೆಂಡತಿಗೆ ಸರಿಯಾಗಿ ಮಾಡುತ್ತಾಳೆ ಎಂಬ ನಂಬಿಕೆಯಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ. ಮೇಡಂ ಕೇಳುತ್ತಿದ್ದ ಪ್ರಶ್ನೆ ನಡುಮನೆಗೇ ಬಂದು ನಿಂತಂತಾಯಿತು. ಅವ್ವನಿಗೆ ಏನು ಇಷ್ಟವಿತ್ತು?

ಕಜ್ಜಾಯ ಎಂದ ತಮ್ಮ. ಅಲ್ಲ, ಕಜ್ಜಾಯ ಅವಳ ಅತ್ತೆಗೆ ಇಷ್ಟ. ಅವ್ವ ತಿನ್ನುತ್ತಿದ್ದದ್ದು ಬಾಣಲೆಯಲ್ಲಿ ಮುರಿದುಹೋದ ಚೂರುಗಳನ್ನು. ತಮ್ಮನ ಹೆಂಡತಿ ಸವಿತ ಯೋಚಿಸಿ, "ಅತ್ತೆ ಮಟನ್ ಸಾರನ್ನ ಚೆಂದಾಗಿ ಉಣ್ತಿದ್ರು ಅಕ್ಕ" ಎಂದವಳು, ತಾನೇ ತಡೆದು, ಉಣ್ಣುತ್ತಿದ್ದದ್ದು ಸಾರು ಮಾತ್ರ, ತುಂಡು ನಮ್ಮ ತಟ್ಟೆಗೇ ಬರುತ್ತಿತ್ತು ಎಂದು ಸಣ್ಣ ದನಿಯಲ್ಲಿ ಸೇರಿಸಿದಳು. ಸೀರೆಯ ಬಣ್ಣ? ಯಾವುದು ತಂದರೂ ಚೆನ್ನಾಗೈತೆ ಎಂದು ಮಡಿಸಿಟ್ಟು, ನಾನು ಊರಿಗೋ ಸವಿತ ತವರಿಗೋ ಹೊರಟಾಗ ಕೈಗೆ ಕೊಟ್ಟುಬಿಡುತ್ತಿದ್ದಳು. ಚನ್ನಪಟ್ಟಣದ ಪ್ರತಿಯೊಂದು ಬೊಂಬೆಯ ಮುಂದೆ ನಿಂತು ಇದೇ ಯಾಕೆ ಎಂದು ಎರಡು ಪುಟ ಬರೆಯಬಲ್ಲವಳು ನಾನು. ನನ್ನನ್ನು ಹೆತ್ತವಳ ಎಲೆಯ ಮುಂದೆ ಒಂದು ಸಾಲೂ ಹೊಳೆಯಲಿಲ್ಲ. ಅವಳ ಇಷ್ಟ ಎನ್ನುವಂಥದ್ದು ನಮ್ಮ ಯಾರ ಕಣ್ಣಿಗೂ ಬೀಳದೆ ಹೋಗಿತ್ತು. ಒಲೆಯ ಮುಂದೆ ಕೂತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಕೊನೆಗೆ ಎಲ್ಲವನ್ನೂ ಒಂದಿಷ್ಟಿಷ್ಟು ಬಡಿಸಿದೆ. ಇಡೀ ಕಜ್ಜಾಯ, ದೊಡ್ಡ ತುಂಡು, ಹಸಿರು ಸೀರೆ. ಮದುವೆ ಮನೆಯಲ್ಲಿ ಗುರುತಿಲ್ಲದ ನೆಂಟರಿಗೆ ಬಡಿಸಿದ ಎಲೆಯ ಹಾಗಿತ್ತು ಅದು. ಅಪ್ಪ ನೋಡಿದರು. ಧೂಪ ಹಾಕಿದರು, ಎಲ್ಲರೂ ಅಡ್ಡಬಿದ್ದೆವು, ಬಾಗಿಲು ಮುಚ್ಚಿ ಹೊರಗೆ ಬಂದೆವು.

ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂರಲು ಹೋದೆ. ಅಪ್ಪ, "ಆ ಕಡೀಕೆ ಒಸಿ ಜರುಗವ್ವ" ಎಂದರು. ಅಲ್ಲೇನಿದೆ ಎಂದು ನೋಡಿದೆ. ಏನೂ ಇರಲಿಲ್ಲ, ಬರೀ ಕಂಬ, ಅದರ ಬುಡದಲ್ಲಿ ನುಣ್ಣಗಾದ ಕಲ್ಲುಚಪ್ಪಡಿ. "ನಿಮ್ಮವ್ವ ಕೂರೋ ಜಾಗ" ಎಂದರು. ಆಮೇಲೆ ಬೀದಿಯ ಕಡೆ ನೋಡುತ್ತ, ಯಾರಿಗೂ ಅಲ್ಲ ಎನ್ನುವಂತೆ ಮಾತಾಡಿದರು.

"ವರ್ಷ ಪೂರ್ತಿ ಅವಳು ಕುಂತಿದ್ದು ನಾ ಕಾಣೆ. ಇವತ್ತೊಂದಿನ ಇಲ್ಲಿ ಕಾಲು ಚಾಚ್ಕೊಂಡು ಕೂರೋಳು. ಬಾಗ್ಲು ಮುಚ್ಚಿರೋವಾಗ ಯಾರೂ ಏನೂ ಕೇಳಂಗಿಲ್ವಲ್ಲ. ನಾನು ಎದ್ರೆ, ಇನ್ನೂ ಉಣ್ತಾ ಅವ್ರೆ ಅನ್ನೋಳು. ಯಾರು ಉಣ್ತಿದ್ರೋ ಏನೋ. ನಂಗೂ ತಿಳೀತಿತ್ತು. ಸುಮ್ಕೆ ಕೂತ್ಕೊಳ್ತಿದ್ದೆ."

ನಾನು ಜರುಗಿದೆ. ಕಂಬದ ಬುಡ ಖಾಲಿಯಾಗಿಯೇ ಉಳಿಯಿತು. ಖಾಲಿ ಕೋಣೆಗೆ ಬಾಗಿಲು ತೆರೆದವರನ್ನು ನೆನೆದು ರೈಲಿನಲ್ಲಿ ನಕ್ಕಿದ್ದೆನಲ್ಲ, ಈಗ ನಗು ಬರಲಿಲ್ಲ. ಇದೇ ಯಾಕೆ ಎಂದು ಯಾರಾದರೂ ಆ ಜಾಗ ತೋರಿಸಿ ಕೇಳಿದ್ದರೆ ಆ ಹೊತ್ತಿಗೆ ಸಲೀಸಾಗಿ ಉತ್ತರ ಹೇಳುತ್ತಿದ್ದೆ. ಕಾಲೇಜಿನಲ್ಲಿ ನಾನು ಬರೆದ ನಕ್ಷೆಯಲ್ಲಿ ಬೆಂಚು ಮೊದಲು ಬಂದದ್ದು ಇದಾದ ಮೇಲೆ. ನೋಡಲು ಬರುವ ಹೆಂಗಸರಲ್ಲಿ ಯಾರಿಗೆ ಗೊತ್ತು, ಚಿತ್ರದ ನೆಪ ಮಾಡಿಕೊಂಡು ಕೂರಬೇಕಾದವರೂ ಇರಬಹುದು.

ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ತಮ್ಮನ ಮಕ್ಕಳು ಹಸಿವು ಹಸಿವು ಎಂದು ಅಮ್ಮನ ಸೆರಗು ಹಿಡಿದು ಎಳೆದವು. ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದಿದ್ದ ಸವಿತ, ಬಾಗಿಲು ತೆಗೀಲಾ ಮಾವ ಎನ್ನುತ್ತ ಮಂಡಿಗೆ ಕೈಯೂರಿ ಎದ್ದಳು. ಅಪ್ಪ ನನ್ನ ಮುಖ ನೋಡಿದರು.

"ಒಸಿ ತಡಿ ಸವಿತ" ಎಂದೆ. "ಇನ್ನೂ ಉಣ್ತಾ ಅವ್ರೆ."

ಅವಳು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕಾಲು ಚಾಚಿದಳು.