ಕೆಂಪಾದ ಬಿಳಿ ನೂಲು

ಲಾಳಿಯ ತೂತಿಗೆ ಬಾಯಿ ಹಚ್ಚಿ ನೂಲನ್ನು ಹೀರಿ ಹೊರಗೆಳೆಯುವುದು ಬೆಟಗೇರಿಯ ನಮ್ಮ ನೇಕಾರರ ಓಣಿಯ ರೂಢಿ. ಆ ದಿನ ಹೀರಿದ ಬಿಳಿ ನೂಲು ಕೆಂಪಾಗಿ ಬಂತು. ಮಗ್ಗದ ಮೇಲೆ ಕೆಂಪು ದಡಿಯ ಸೀರೆ ಇತ್ತು. ದಡಿಯ ಬಣ್ಣ ಬಿಟ್ಟಿದೆ ಎಂದು ಬಣ್ಣ ಹಾಕಿದವನನ್ನು ಮನಸಾರೆ ಬೈದೆ. ನೂಲು ಬದಲಿಸಿ ಮತ್ತೆ ಹೀರಿದೆ. ಅದೂ ಕೆಂಪು.

ಬಣ್ಣ ನನ್ನ ಬಾಯಿಯದೇ ಆಗಿತ್ತು.

ಗದಗಿನ ದವಾಖಾನೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಟಿ.ಬಿ. ಎಂದರು. ಇಂಜೆಕ್ಷನ್, ಗುಳಿಗೆ, ಒಂದೂವರೆ ವರ್ಷ. ನನ್ನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಎರಡು ತಿಂಗಳಲ್ಲಿ ಜ್ವರ ಬಿಟ್ಟಿತು. ಅಷ್ಟರಲ್ಲಿ ಪತ್ರಿಕೆ ಬಂತು.

ನಾಲ್ಕು ಪುಟದ ವಾರಪತ್ರಿಕೆ. ಚಹಾದಂಗಡಿಯಲ್ಲಿ ಒಬ್ಬ ಓದಿದರೆ ಹತ್ತು ಜನ ಕೇಳುತ್ತಿದ್ದರು. ಟಿ.ಬಿ.ಯ ಹೆಸರಿನಲ್ಲಿ ಬಡ ಹೆಂಗಸರಿಗೆ ಮಕ್ಕಳಾಗದ ಇಂಜೆಕ್ಷನ್ ಚುಚ್ಚುತ್ತಿದ್ದಾರೆ, ದೊಡ್ಡ ಪತ್ರಿಕೆಗಳು ಬಾಯಿ ಮುಚ್ಚಿಕೊಂಡಿವೆ ಎಂದು ಅದರಲ್ಲಿತ್ತು. ನಾವು ನಂಬಿದೆವು. ನಮ್ಮನ್ನು ದಡ್ಡರೆನ್ನುವವರು ಇದನ್ನೂ ಕೇಳಬೇಕು: ತುರ್ತುಪರಿಸ್ಥಿತಿಯಲ್ಲಿ, ಮಕ್ಕಳೇ ಇರದ ನನ್ನ ಭಾವನನ್ನು, ಗಂಡನ ಅಣ್ಣನನ್ನು, ಸಂತೆಯಿಂದ ಎಳೆದೊಯ್ದು ಸಂತಾನಹರಣದ ಆಪರೇಷನ್ ಮಾಡಿದಾಗ, ಅದನ್ನು ಕದ್ದಾದರೂ ಅಚ್ಚು ಹಾಕುವ ಎದೆಗಾರಿಕೆ ಇದ್ದದ್ದು ಇದೊಂದು ಪತ್ರಿಕೆಗೆ. ಒಮ್ಮೆ ನಿಜ ಹೇಳಿದ್ದಕ್ಕೆ ನಾವು ಕಾಯಂ ನಂಬಿಕೆ ಕೊಟ್ಟುಬಿಟ್ಟಿದ್ದೆವು.

ಮನೆಗೆ ಮೊಮ್ಮಗು ಬೇಕೆಂದು ಕಾಯುತ್ತಿದ್ದ ಅತ್ತೆ ಗುಳಿಗೆಗಳನ್ನು ಗಟಾರಕ್ಕೆ ಚೆಲ್ಲಿದರು. ನಾನೂ ಇಂಜೆಕ್ಷನ್ನಿಗೆ ಹೋಗುವುದನ್ನು ಬಿಟ್ಟೆ.

ತಿಂಗಳಿಗೆ ಮತ್ತೆ ರಕ್ತ. ಈ ಸಲ ಬಟ್ಟಲು ತುಂಬ.

ಒಬ್ಬಳೇ ದವಾಖಾನೆಗೆ ನಡೆದೆ. ಇಂಜೆಕ್ಷನ್‌ನಿಂದ ಬಂಜೆಯಾಗುತ್ತೇನೆಯೇ ಎಂದು ನೇರವಾಗಿ ಕೇಳಿದೆ.

"ಇಲ್ಲವ್ವಾ. ಕಿವಿ ಗುಂಯ್ ಅನ್ನಬಹುದು, ಹಂಗಾದ್ರ ಜಲ್ದಿ ಬಂದು ಹೇಳು. ಔಷಧ ಬಿಟ್ರ ಮಾತ್ರ ನೀನ ಉಳಿಯಂಗಿಲ್ಲ" ಎಂದರು ಡಾಕ್ಟರು.

ತಮ್ಮ ಔಷಧದ ಕೆಡುಕನ್ನೂ ತಾವೇ ಹೇಳಿದರಲ್ಲ, ಅದಕ್ಕೇ ನಂಬಿದೆ. ಬರುವಾಗ ಪತ್ರಿಕೆಯ ಪ್ರೆಸ್ಸಿಗೆ ಹೋಗಿ, ಯಾವ ಹೆಂಗಸಿಗೆ ಹಾಗಾಯಿತು ಎಂದು ಸಂಪಾದಕರನ್ನು ಕೇಳಿದೆ. ಜನ ಹಾಗೆ ಮಾತಾಡಿಕೊಳ್ಳುತ್ತಿದ್ದಾರೆ ಎಂದರು.

"ನಮ್ಮ ಭಾವನ ಸುದ್ದಿಗೆ ಮನೀತನಕ ಬಂದು ಕೇಳಿದ್ರಿ. ಈ ಸಲ ಯಾರ ಮನೀಗೆ ಹೋಗಿದ್ರಿ?"

ಅವರು ಅಚ್ಚಿನ ಮೊಳೆ ಜೋಡಿಸುತ್ತಲೇ ಇದ್ದರು.

ಅಂದಿನಿಂದ ಅತ್ತೆ ಬಾಗಿಲಿಗೆ ಅಡ್ಡ ನಿಂತರೂ ಅವರನ್ನು ಸರಿಸಿ ಹೋದೆ. ಪೂರ್ತಿ ಔಷಧ ಮುಗಿಸಿದೆ. ಎಡಗಿವಿ ಈಗಲೂ ಗುಂಯ್‌ಗುಡುತ್ತದೆ, ಇರಲಿ. ನೂಲನ್ನು ಈಗ ತಂತಿಯ ಕೊಕ್ಕೆಯಿಂದ ಎಳೆಯುತ್ತೇನೆ. ಓಣಿಯವರು ನಗುತ್ತಾರೆ, ನಗಲಿ.

ಕಳೆದ ತಿಂಗಳು ನನ್ನ ಎಳೆಯ ಮಗಳನ್ನು ಎತ್ತಿಕೊಂಡು ಪ್ರೆಸ್ಸಿಗೆ ಹೋದೆ. ಸಂಪಾದಕರ ಮೇಜಿನ ಮೇಲೆ ಮಲಗಿಸಿದೆ.

"ಈ ಸಲ ನಿಮಗ ಅಡ್ಡಾಡೂ ತ್ರಾಸ ಬ್ಯಾಡ್ರಿ. ಸುದ್ದೀನ ನಾನ ತಂದೇನಿ. ಬರಕೋರಿ."

ಮೂರನೆಯ ಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ತಪ್ಪಾಯಿತು ಎಂಬ ಮಾತಿರಲಿಲ್ಲ. ನನ್ನ ಹೆಸರಿತ್ತು, ರೋಗದ ಹೆಸರಿತ್ತು, ಮಗು ಹುಟ್ಟಿದ್ದೂ ಇತ್ತು. ಓದು ಬಾರದ ಅತ್ತೆ ಮೊಮ್ಮಗಳನ್ನು ಎತ್ತಿಕೊಂಡು ಚಹಾದಂಗಡಿಗೆ ಹೋಗಿ, ಅದನ್ನು ಎಲ್ಲರ ಮುಂದೆ ಎರಡು ಸಲ ಓದಿಸಿದರು.