ಟೈಪಿಸ್ಟಕ್ಕನ ಕನ್ನಡ

ಮೊನ್ನೆ ಕಪಾಟು ಖಾಲಿ ಮಾಡುವಾಗ ಕಾರ್ಬನ್ ಹಾಳೆಗಳ ಹಳೆಯ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದೊಡನೆ ಎಣ್ಣೆ, ಮಸಿ ಬೆರೆತ ಆ ವಾಸನೆ... ಹೊಸದುರ್ಗದ ಕಚೇರಿಯ ಟೈಪಿಸ್ಟಕ್ಕ ನೆನಪಾದರು.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಆಗಷ್ಟೇ ಗುಮಾಸ್ತೆಯಾಗಿ ಸೇರಿದ್ದೆ. ಅಕ್ಕನಿಗೆ ನಲವತ್ತೈದು ದಾಟಿತ್ತು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಇಂಗ್ಲಿಷ್ ಟೈಪಿಂಗಿನಲ್ಲಿ ಅವರಿಗೆ ಸಾಟಿಯಿರಲಿಲ್ಲ. ಕಿಟಕಿಯಾಚೆಯ ತೆಂಗಿನ ಮರಗಳನ್ನು ನೋಡುತ್ತಲೇ ಪುಟ ಮುಗಿಸುತ್ತಿದ್ದರು. ಸಾಹೇಬರೇ ಮೇಜಿನ ಬಳಿ ಬಂದು, "ಇದೊಂದು ಬೇಗ ಆಗ್ಬೇಕಲ್ಲಮ್ಮ" ಎಂದು ಕೇಳಿಕೊಳ್ಳುತ್ತಿದ್ದರು.

ಆಮೇಲೆ, ಪತ್ರಗಳೆಲ್ಲ ಕನ್ನಡದಲ್ಲೇ ಹೋಗಬೇಕೆಂದು ಆದೇಶ ಬಂತು. ಹಿಂದೆಯೇ ಕನ್ನಡದ ಯಂತ್ರವೂ ಬಂತು. ಅದರಲ್ಲಿ ಯಾವ ಅಕ್ಷರವೂ ಅವರ ಬೆರಳು ಹುಡುಕಿದಲ್ಲಿ ಇರಲಿಲ್ಲ. ಒತ್ತಿಗೊಂದು ಕೀಲಿ, ಕೊಂಬಿಗೊಂದು ಕೀಲಿ... 'ಅರ್ಜಿ' ಎಂದು ಹೊಡೆಯುವಷ್ಟರಲ್ಲಿ ಎರಡು ಸಲ ರಬ್ಬರ್ ಹಿಡಿಯುತ್ತಿದ್ದರು.

"ಹುಟ್ಟಿದಾಗಿಂದ ಆಡಿದ್ದು ಕನ್ನಡಾನೇ. ಈ ಬೆರಳಿಗೆ ಮಾತ್ರ ಬರ್ತಾನೇ ಇಲ್ಲ ನೋಡಮ್ಮ" ಎಂದು ಮೊದಮೊದಲು ನಗುತ್ತಿದ್ದರು. ಆಮೇಲೆ ನಗಲಿಲ್ಲ. ನಾವೆಲ್ಲ ಒಟ್ಟಿಗೆ ಊಟಕ್ಕೆ ಕೂತರೆ, ಅವರು ರಟ್ಟಿನ ಮೇಲೆ ಕೀಲಿಗಳ ಚಿತ್ರ ಬರೆದುಕೊಂಡು ಮೂಲೆಯಲ್ಲಿ ಬೆರಳಾಡಿಸುತ್ತಿದ್ದರು. ಕರೆದು ಕರೆದು ನಾವೂ ಬಿಟ್ಟೆವು.

ನಾನು ಚಿತ್ರದುರ್ಗದಲ್ಲಿ ಕನ್ನಡ ಟೈಪಿಂಗ್ ಕಲಿತು ಪಾಸಾಗಿದ್ದೆ. ಒಂದು ದಿನ ಅಕ್ಕ ನನ್ನ ಬಳಿಗೆ ಬಂದು ತಗ್ಗಿದ ದನಿಯಲ್ಲಿ, "'ಕ್ಷ' ಎಲ್ಲೈತೆ, ತೋರ್ಸಮ್ಮ. ಸಂಜೆ ಅರ್ಧ ಗಂಟೆ ಜೊತೇಲಿ ಕುಂತ್ರೆ ಕಲ್ತ್ಕಂತೀನಿ" ಎಂದರು. ಬಸ್ಸಿಗೆ ಹೊತ್ತಾಗುತ್ತದೆ ಅಂದೆ. ನಾನು ಮನೆಗೆ ಹೋಗುವ ಹೊಳಲ್ಕೆರೆ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಅವರಿಂದ ಆಗದಿದ್ದರೆ ಆ ಕುರ್ಚಿ ನನಗೇ ಎಂದು ಸಾಹೇಬರು ಆಗಲೇ ಹೇಳಿದ್ದರು...

ಹಾಗೆಯೇ ಆಯಿತು. ಅಕ್ಕನನ್ನು ಟಪಾಲಿಗೆ ಹಾಕಿದರು. ಲಕೋಟೆಗೆ ಗೋಂದು ಹಚ್ಚುವ ಕೆಲಸ. ವರ್ಷದೊಳಗೆ ಹಿರಿಯೂರಿಗೆ ವರ್ಗವಾಯಿತು. ಹೊರಡುವ ದಿನ, "ಐದು ನಿಮಿಷ ಇಲ್ಲಿ ಕುಂತ್ಕಳ್ಲೇನಮ್ಮ?" ಎಂದು ಕೇಳಿದರು. ನಾನು ಎದ್ದೆ. ತಮ್ಮ ಬಿಡುಗಡೆಯ ಪತ್ರವನ್ನು ತಾವೇ ಹೊಡೆದರು, ನಿಧಾನವಾಗಿ, ಕೀಲಿಗಳತ್ತ ನೋಡದೆ. ಒಂದು ಒತ್ತೂ ತಪ್ಪಿರಲಿಲ್ಲ. ಸಾಹೇಬರು ಓದದೆ ಸಹಿ ಹಾಕಿದರು. ನಾನು ಓದಿದೆ. ಅಕ್ಕ "ಬರ್ತೀನಮ್ಮ" ಎಂದು ಹೊರಟುಬಿಟ್ಟರು.

ಆ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕೂತೆ. ಹಿರಿಯೂರು ಎಷ್ಟು ದೂರ? ಒಮ್ಮೆಯೂ ಹೋಗಲಿಲ್ಲ. ನಿವೃತ್ತಿಯಾದ ಮೇಲೆ, ಅಲ್ಲಿಯ ಕಚೇರಿಯಲ್ಲಿದ್ದ ಹಳೆಯ ಜವಾನರೊಬ್ಬರು ಸಿಕ್ಕಾಗ ವಿಚಾರಿಸಿದೆ.

"ಆಯಮ್ಮ ತೀರ್ಕಂಡು ಭಾಳ ವರ್ಷ ಆತಲ್ರೀ. ಯಾರೂ ಬರ್ಲಿಲ್ಲ, ಆಫೀಸಿನೋರೇ ಎಲ್ಲಾ ಮಾಡಿದ್ವಿ" ಎಂದರು. ಆಮೇಲೆ, "ನಿಮಗೇನಾಗ್ಬೇಕಿತ್ತು ಅವರು?" ಎಂದು ಕೇಳಿದರು.

ಬಸ್ಸಿಗೆ ಹೊತ್ತಾಯಿತು ಅಂದೆ.