ಪ್ಲೇಟಿಗೆ ಹಚ್ಚಿದ ವಿಭೂತಿ

ನಮ್ಮ ಯಜಮಾನರು, ನನ್ನ ಅಣ್ಣ, ಕಬನೂರಿನಲ್ಲಿ ಮಗ್ಗ ನಡೆಸುವ ಒಬ್ಬ ಗೆಳೆಯರು, ಈ ಮೂವರೂ ಸೇರಿ ಇಚಲಕರಂಜಿಯಲ್ಲಿ ತತ್ವಪದ ಹಾಡುತ್ತಿದ್ದರು. ಅವರ ಹಾಡುಗಳು ಬಿಡಿಬಿಡಿ ಗ್ರಾಮಫೋನ್ ಪ್ಲೇಟುಗಳಾಗಿ ಬಂದಿದ್ದವು. ಅಣ್ಣ ಜ್ವರದಿಂದ ತೀರಿಕೊಂಡ ಎರಡು ವರ್ಷಕ್ಕೆ, ಎಲ್ಲವನ್ನೂ ಒಂದೇ ದೊಡ್ಡ ಪ್ಲೇಟಿಗೆ ಸೇರಿಸುತ್ತೇವೆಂದು ಕಂಪನಿಯವರು ಹೇಳಿಕಳಿಸಿದರು.

ಒಂದು ಹಾಡು ಮಾತ್ರ ಅವರಲ್ಲಿ ಸಿಗಲಿಲ್ಲ. ಅಣ್ಣ ಒಬ್ಬನೇ ಮುಂದಾಗಿ ಹಾಡಿದ್ದು ಅದೊಂದೇ. ಉಳಿದವುಗಳಲ್ಲೆಲ್ಲ ಅವನದು ಹಿಂದಿನ ದನಿ. ಅದು ಸೇರದಿದ್ದರೆ ದೊಡ್ಡ ಪ್ಲೇಟಿನಲ್ಲಿ ಅಣ್ಣ ಇದ್ದೂ ಇಲ್ಲದಂತೆ. ಅದರ ಒಂದು ಪ್ರತಿ ಗಡಹಿಂಗ್ಲಜದಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿಯ ಹತ್ತಿರ ಇತ್ತು. ತರಲು ನಾನೇ ಹೋದೆ.

ಹೋಗಿ ನೋಡಿದರೆ ಪ್ಲೇಟು ದೇವರ ಜಗಲಿಯ ಮೇಲಿತ್ತು. ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ಮೇಲೆ ಕುಂಕುಮ.

"ವೈನಿ, ಇದೇನ ಮಾಡೀರಿ!"

"ಶಿವನ ಪದ ಐತಿ ಅದರಾಗ. ಪೂಜಿ ಮಾಡದ ಹಂಗ ಇಡಾಕ ಬರ್ತೈತೇನು?"

ಅವರ ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ. ಪ್ಲೇಟನ್ನು ಒಮ್ಮೆಯೂ ನುಡಿಸಿರಲಿಲ್ಲ, ಅಂದರೆ ಅದು ಸವೆದಿರಲಿಲ್ಲ. ಅಷ್ಟಾದರೂ ಶಿವ ಕಾಯ್ದನಲ್ಲ ಎಂದುಕೊಂಡೆ. ವೈನಿ ಅದನ್ನು ನನ್ನ ಕೈಗೆ ಕೊಡಲು ಒಪ್ಪದೆ ತಾವೇ ಹೊರಟರು. ಕೊಲ್ಲಾಪುರದವರೆಗೆ ಬಸ್ಸು ಕುಣಿದಾಗಲೆಲ್ಲ ನಾನು ಪಂಚಾಕ್ಷರಿ ಜಪಿಸಿದೆ, ಅವರು ಪ್ಲೇಟನ್ನು ಎದೆಗೆ ಅವುಚಿಕೊಂಡರು.

ಕೊಲ್ಲಾಪುರದ ಧ್ವನಿಮುದ್ರಣದ ಕೋಣೆಯಲ್ಲಿ ಯಜಮಾನರು ಬೆಳಗಿನಿಂದ ನಿಂತೇ ಇದ್ದರು. ಹಾಡನ್ನು ಟೇಪಿಗೆ ಇಳಿಸಿಕೊಂಡು ಸಂಜೆಯ ಗಾಡಿಗೆ ಮುಂಬಯಿಗೆ ಕಳಿಸಬೇಕಿತ್ತು. ಯಂತ್ರದ ಮುಂದೆ ಕೂತಿದ್ದ ಮರಾಠಿಯವರು ಪ್ಲೇಟು ನೋಡಿ ಹಣೆ ಚಚ್ಚಿಕೊಂಡರು.

"ಅಹೋ, ಹೀ ರಾಖ್ ಕಸಲೀ?" ಇದೆಂಥ ಬೂದಿ, ಎಂದರು.

"ರಾಖ್ ಅಲ್ರೀ ಸಾಹೇಬ್ರ, ಭಸ್ಮ," ಎಂದರು ವೈನಿ ಸಿಟ್ಟಿನಿಂದ.

ಮರಾಠಿಯವರು ಮೆತ್ತನೆಯ ಕುಂಚದಿಂದ ಗೆರೆಗುಂಟ ಒರೆಸಿದರು. ವಿಭೂತಿ ಉದುರಿತು. ಎಣ್ಣೆಗೈಯಿಂದ ಹಚ್ಚಿದ ಕುಂಕುಮ ಒಂದು ಕಡೆ ಕಚ್ಚಿಕೊಂಡೇ ಉಳಿಯಿತು. ಇನ್ನೂ ತಿಕ್ಕಿದರೆ ಗೆರೆಯೇ ಹೋಗುತ್ತದೆಂದು ಮುಳ್ಳು ಇಟ್ಟುಬಿಟ್ಟರು.

ಅಣ್ಣನ ದನಿ ಬಂತು. ಮೊದಲ ನುಡಿ ದಾಟಿತು. ಎರಡನೆಯದರಲ್ಲಿ ಮುಳ್ಳು ಕುಂಕುಮಕ್ಕೆ ಸಿಕ್ಕಿ ಅಲ್ಲೇ ತಿರುಗತೊಡಗಿತು: "ತಂಗೀ... ತಂಗೀ... ತಂಗೀ..."

ತತ್ವಪದದಲ್ಲಿ ಎಲ್ಲರನ್ನೂ ಹಾಗೇ ಕರೆಯುವುದು. ಆದರೂ ನನಗೆ ಅಳು ತಡೆಯಲಿಲ್ಲ.

"ನನ್ನ ಒಮ್ಮಿನೂ ಕೂಗಲಿಲ್ಲ, ತಂಗಿನ ಮೂರು ಸಲ ಕರದ್ರು ನೋಡು," ಎಂದು ವೈನಿ ಕಣ್ಣೊರೆಸಿಕೊಂಡರು.

ಮರಾಠಿಯವರು ಗಡಿಯಾರ ನೋಡಿದರು. "ಆಣಖೀ ಏಕದಾಚ್," ಇನ್ನೊಂದೇ ಸಲ, ಎಂದರು. ಟೇಪು ಮತ್ತೆ ಮೊದಲಿನಿಂದ ತಿರುಗಿತು. ಆ ಜಾಗ ಬಂದಾಗ ಅವರು ಮುಳ್ಳಿನ ತೋಳಿಗೆ ಬೆರಳ ತುದಿಯನ್ನು ಸುಮ್ಮನೆ ತಾಕಿಸಿದರು. ಟಕ್ ಎಂದಿತು. ದಾಟಿತು. ಹಾಡು ಕೊನೆಯವರೆಗೆ ಹೋಯಿತು.

"ಝಾಲಂ," ಆಯಿತು, ಎಂದರು. ಯಜಮಾನರು ಅಲ್ಲೇ ನೆಲದ ಮೇಲೆ ಕುಸಿದು ಕೂತರು.

ವೈನಿ ಆಗಲೇ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

"ಇನ್ನ ಕುಂಕುಮ ಹಚ್ಚಬ್ಯಾಡ್ರಿ ವೈನಿ," ಎಂದೆ.

"ಹಚ್ಚತೀನಿ. ಹಾಡು ಎಲ್ಲಾರಿಗೂ ಕೊಟ್ಟೇನಿ. ಪ್ಲೇಟು ನಂದು."